ದ್ವೊಮೋನ ಬೇಸಿನ್ನೂ ದೊಡ್ಡಮ್ಮನ ಶುಂಠಿಯೂ

ಕುಮಾಸಿ ಪಟ್ಟಣದಲ್ಲಿ ಬಾಡಿಗೆ ವ್ಯಾನು ಓಡಿಸುವ ಕ್ವಾಕು ದ್ವೊಮೋ ನಮ್ಮ ವಠಾರದ ಅತಿ ದೊಡ್ಡ ಬಾಯಿ. ಪೊಲೀಸರಿಗೇ ಎದುರು ಮಾತಾಡುವ ಆಸಾಮಿ, ಗುದದ ಪಕ್ಕ ಕೀವು ಸುರಿಯುವ ಭಗಂದರವಾಗಿ, ವರ್ಷಗಟ್ಟಲೆ ಒಂದೇ ಕುಂಡೆಯ ಮೇಲೆ ಕೂತು ವ್ಯಾನು ಓಡಿಸಿದನೇ ಹೊರತು ತುಟಿ ಬಿಚ್ಚಲಿಲ್ಲ. ಅವನ ವ್ಯಾನಿಗೇ ಹತ್ತಿ, "ಮೂಲವ್ಯಾಧಿ, ನಿಶ್ಶಕ್ತಿ, ಗಂಡ ಹೆಂಡಿರ ಜಗಳ, ಎಲ್ಲಕ್ಕೂ ಇದೇ!" ಎಂದು ಕೂಗಿ ಮದ್ದು ಮಾರುವವರ ಸೀಸೆಗಳನ್ನೆಲ್ಲ ಕೊಂಡು ಕದ್ದುಮುಚ್ಚಿ ಕುಡಿದ. ಸೀಸೆ ಮಾರುವವರಿಗಿಂತ, ನಮಗೆ ಈ ನಾಚಿಕೆ ಕಲಿಸಿದವರ ಮೇಲೆ ನನಗೆ ಸಿಟ್ಟು ಜಾಸ್ತಿ.

ಕೊನೆಗೂ ಆಪರೇಷನ್ ಆಯಿತು. ಗಾಯಕ್ಕೆ ಹೊಲಿಗೆಯಿಲ್ಲ, ಒಳಗಿನಿಂದಲೇ ತುಂಬಿಕೊಂಡು ಬರಬೇಕು. ಪಾಯಿಖಾನೆಗೆ ಹೋಗಿ ಬಂದಾಗಲೆಲ್ಲ ಬೆಚ್ಚನೆ ನೀರಿನ ಬೇಸಿನ್ನಿನಲ್ಲಿ ಕೂರು, ಉಜ್ಜದೆ ಒತ್ತಿ ಒರೆಸು, ಹೊಸ ಬಟ್ಟೆಪಟ್ಟಿ ಇಡು, ಪರಂಗಿಹಣ್ಣು ತಿನ್ನು. ಒಳಗೆ ಏನಾದರೂ ತೂರಿಸಿದೆಯೋ, ಮತ್ತೆ ಕತ್ತರಿಯೇ ಗತಿ ಎಂದಿದ್ದಳು ನರ್ಸು.

ಹೆಂಡತಿ ಸೆರ್ವಾ ಮನೆಯ ಬೇಸಿನ್ ಮುಟ್ಟಗೊಡಲಿಲ್ಲ. "ನೀನು ಕೂತೆದ್ದ ಬೇಸಿನ್ನಲ್ಲಿ ನಾನು ಹಿಟ್ಟು ಕಲಸ್ಬೇಕಾ?" ಎಂದು ಹೊಸದೊಂದು ತಂದಳು.

ಊರಿಗೆಲ್ಲ ದ್ವೊಮೋ ಹೇಳಿದ್ದು ಮಾತ್ರ 'ಸೊಂಟದ ಆಪರೇಷನ್' ಎಂದು. ಎಡವಿದ್ದೇ ಅಲ್ಲಿ. ಸೊಂಟನೋವೆಂದರೆ ನಮ್ಮಲ್ಲಿ ಮದ್ದು ಒಂದೇ: ಶುಂಠಿ, ಒಣಮೆಣಸಿನಕಾಯಿ ಅರೆದು ಮೂತಿಯಿರುವ ರಬ್ಬರ್ ಬುರುಡೆಗೆ ತುಂಬಿ, ಎನಿಮಾದಂತೆ ಹಿಂದಿನಿಂದ ಒಳಕ್ಕೆ ಒತ್ತಿಬಿಡುವುದು. ಕೂಸಿಗೂ ವಿನಾಯಿತಿಯಿಲ್ಲ, ಮುದುಕರಿಗೂ ಇಲ್ಲ.

ಅವನ ತಾಯಿಯ ಅಕ್ಕ, ಮನೆತನಕ್ಕೇ ಹಿರಿಯಳಾದ ಬ್ರಾಗೊ ದೊಡ್ಡಮ್ಮ ಬಂದಳು. ಕುಡಿಯಲು ನೀರು ಕೊಟ್ಟು, ಬಂದ ಕಾರಣ ಕೇಳುವುದು ರಿವಾಜು. ಕೇಳಿದ. ಅವಳು ಉತ್ತರವಾಗಿ ಚೀಲದಿಂದ ಬುರುಡೆ ತೆಗೆದಳು.

"ಮಗ್ಗುಲಾಗು ಮಗಾ."

"ಈಗ ಬೇಡ ದೊಡ್ಡಮ್ಮ..."

"ನಿನ್ನ ಕುಂಡೆ ತೊಳ್ದೋಳು ನಾನು, ನನ್ನತ್ರ ನಾಚ್ಕೆನಾ? ಸೆರ್ವಾ, ಕಾಲು ಹಿಡ್ಕೊಳ್ಳೇ!"

ಸೆರ್ವಾ ಬಾಗಿಲಲ್ಲೇ ನಗು ನುಂಗುತ್ತ ನಿಂತಳು. "ಹಿರಿಯರ ಮಾತಿಗೆ ನಾನೇನ್ ಹೇಳ್ಲಿ? ಹೇಳ್ಬೇಕಾದೋರು ಹೇಳ್ಲಿ."

ಹಿರಿಯರು ತಂದ ಮದ್ದನ್ನು ಒಲ್ಲೆನೆನ್ನುವುದು ಅವರಿಗೆ ಉಗಿದಂತೆ. ಬುರುಡೆಯ ಮೂತಿ ಹತ್ತಿರ ಬಂತು. ದ್ವೊಮೋ ಹಾಸಿಗೆಯಿಂದ ನೆಗೆದು, ಪಂಚೆ ಹಿಡಿದುಕೊಂಡು ಅಂಗಳಕ್ಕೆ ಓಡಿ, ನಿಲ್ದಾಣದಲ್ಲಿ ಜನ ಕರೆಯುವ ದನಿಯಲ್ಲಿ ಕಿರುಚಿದ: "ಸೊಂಟ ಅಲ್ಲ ದೊಡ್ಡಮ್ಮಾ! ನೀನು ಮೆಣ್ಸಿನಕಾಯಿ ಬಿಡಕ್ಕೆ ಬಂದಿದ್ಯಲ್ಲ, ಕುಯ್ದಿರೋದೂ ಅಲ್ಲೇ!"

ಅಂಗಳದಲ್ಲಿ ಗೆಣಸು ಕುಟ್ಟುತ್ತಿದ್ದ ದರ್ಜಿ ಅಂಟೊನ ಒನಕೆ ಗಕ್ಕನೆ ನಿಂತಿತು.

ದೊಡ್ಡಮ್ಮ ಬುರುಡೆಯನ್ನು ಚರಂಡಿಗೆ ಹಿಂಡಿದಳು. "ಮೊದ್ಲೇ ಬೊಗಳಕ್ಕೆ ಏನಾಗಿತ್ತೋ ಕತ್ತೆ? ನನ್ನ ಕೈಯಾರೆ ನಿನ್ನ ಹಾಳು ಮಾಡ್ತಿದ್ನಲ್ಲೋ!" ಆಮೇಲೆ ತಾನೇ ನೀರು ಕಾಯಿಸಿ, ಮೊಣಕೈ ಅದ್ದಿ ಬಿಸಿ ನೋಡಿ, ಅವನನ್ನು ಬೇಸಿನ್ನಿನಲ್ಲಿ ಕೂರಿಸಿದಳು.

ಸ್ವಲ್ಪ ಹೊತ್ತಿಗೆ ಅಂಟೊ ಕಿಟಕಿಯ ಬಳಿ ಸುಳಿದ. "ಸೆರ್ವಾ ಅಕ್ಕ, ಆ ಬೇಸಿನ್ ಎಲ್ಲಿ ಸಿಗುತ್ತೆ?"

"ಯಾಕಪ್ಪ?"

"ನಂಗೂ ಒಂಚೂರು... ಸೊಂಟ."

ಒಳಗಿನಿಂದ ದ್ವೊಮೋ ನೀರು ಚೆಲ್ಲಾಡುವಂತೆ ನಕ್ಕ. "ದೊಡ್ಡಮ್ಮ ಇನ್ನೂ ಇಲ್ಲೇ ಇದಾಳೆ ಕಣೋ! ಸರಿಯಾಗಿ ಹೇಳು, ಎಲ್ಲಿ?"