ರಸ್ತೆಯಾಚೆಯ ಬಳೆ ಅಕ್ಕ

ಬಳೆ ಅಕ್ಕನ ಬೆರಳ ತುದಿಗಳು ಊದಿ ಗುಂಡಗಾಗಿದ್ದವು. ಉಗುರುಗಳು ಅವುಗಳ ಮೇಲೆ ಬೋರಲು ಬಾಗಿದ್ದವು. ಬೇರೆಯವರಾಗಿದ್ದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಅವಳು ಆ ಉಗುರುಗಳಿಗೇ ಕಡುಗೆಂಪು ಬಣ್ಣ ಬಳಿದುಕೊಂಡು, ಅಜ್ಜಂಪುರದ ತನ್ನ ಫ್ಯಾನ್ಸಿ ಸ್ಟೋರಿನಲ್ಲಿ ಕೂತು ಊರಿನ ಹೆಂಗಸರಿಗೆ ಬಳೆ ತೊಡಿಸುತ್ತಿದ್ದಳು.

ಅವಳಿಗೂ ನನಗೂ ಒಂದೇ ಕಾಯಿಲೆ, ಸಿಸ್ಟಿಕ್ ಫೈಬ್ರೋಸಿಸ್. ಹುಟ್ಟಿನಿಂದಲೇ ಬಂದದ್ದು. ಎದೆಯೊಳಗಿನ ಕಫ ಅಂಟಿನಂತೆ ಗಟ್ಟಿಯಾಗುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬಂದು ಠಿಕಾಣಿ ಹೂಡುತ್ತವೆ, ಶ್ವಾಸಕೋಶ ಸದಾ ಊದಿಕೊಂಡು ಉರಿಯುತ್ತಿರುತ್ತದೆ. ಕೆಮ್ಮಿ ಹೊರಗೆ ಹಾಕದಿದ್ದರೆ ಉಳಿಗಾಲವಿಲ್ಲ. ಆದರೆ ನಾನು ಕೆಮ್ಮಿದರೆ ಕಡೂರಿನ ನಮ್ಮ ಬೀದಿಯವರು ಕಿಟಕಿ ಮುಚ್ಚುತ್ತಿದ್ದರು. ಹಾಗಾಗಿ ಕೆಮ್ಮು ನುಂಗುವುದನ್ನು ಕಲಿತಿದ್ದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವಳ ಸುದ್ದಿ ಕೇಳಿ ಅವ್ವ ನನ್ನನ್ನು ಬಸ್ಸಿನಲ್ಲಿ ಕರೆದೊಯ್ದಳು. ಅಂಗಡಿ ಮೆಟ್ಟಿಲು ಹತ್ತುವಷ್ಟರಲ್ಲಿ, ತನ್ನವಂತೆಯೇ ಊದಿದ ನನ್ನ ಬೆರಳುಗಳನ್ನು ಕಂಡು ಅಕ್ಕ ಒಳಗಿಂದಲೇ ಗದರಿದಳು: "ಅಲ್ಲೇ ನಿಲ್ರೀ! ಹುಡುಗೀನ ಒಳಗ್ ಕರ್ಕೊಂಬರ್ಬ್ಯಾಡಿ!"

ಅವ್ವನ ಕಣ್ಣು ತುಂಬಿತು. "ನೀನೂ ಹಿಂಗಂದ್ರೆ ಹೆಂಗವ್ವಾ?"

"ನನ್ನೆದೇಲಿರೋ ಹುಳ ಊರೋರ್ಗೆ ಏನೂ ಮಾಡಲ್ಲ ಕಣ್ರಮ್ಮ. ಇದೇ ಕಾಯ್ಲೆ ಇರೋ ಇವ್ಳ ಎದೆ ಹೊಕ್ರೆ ಮಾತ್ರ ಬಿಡಲ್ಲ. ರಸ್ತೆ ಆಚೆ ನಿಲ್ಸಿ, ಅಲ್ಲಿಂದ್ಲೇ ಮಾತಾಡಣ."

ಅಂದಿನಿಂದ ನಮ್ಮ ಮಾತೆಲ್ಲ ಬಸ್ಸು, ಟ್ರ್ಯಾಕ್ಟರುಗಳ ಸದ್ದನ್ನು ಮೀರಿ ಕೂಗಿಯೇ. ನಾನು ಜೆರಾಕ್ಸ್ ಅಂಗಡಿ ಮುಂದೆ, ಅವಳು ತನ್ನ ಮೆಟ್ಟಿಲ ಮೇಲೆ. "ನೆಬ್ಯುಲೈಸರ್ ತಗೊಂಡೇನೇ?" ಎಂದು ಇಡೀ ಬೀದಿಗೆ ಕೇಳುವಂತೆ ವಿಚಾರಿಸುವಳು. ನಾನು ನಾಚಿಕೊಂಡು ಕೆಮ್ಮು ತಡೆದರೆ ಅವಳ ಸಿಟ್ಟು ನೆತ್ತಿಗೇರುತ್ತಿತ್ತು. "ಲೇ, ಕೆಮ್ಮೇ! ನಿನ್ನೆದೆ ನಿಂದು, ಯಾರಪ್ಪಣೆ ಬೇಕು?" ಕೈ ಹಿಡಿದು ಬಳೆ ತೊಡಿಸುವುದೇ ಕಸುಬಾದವಳು ನನ್ನನ್ನು ಒಮ್ಮೆಯೂ ಮುಟ್ಟಲಿಲ್ಲ. ಸೀಲು ಒಡೆಯದ ಬಳೆ ಡಬ್ಬಿಯನ್ನು ಅವ್ವನ ಕೈಗಿಟ್ಟು, "ನೀವೇ ತೊಡ್ಸಿ" ಎನ್ನುತ್ತಿದ್ದಳು.

ಒಂದು ದಿನ ಮದುವೆ ಬಳೆಗೆಂದು ತರೀಕೆರೆಯಿಂದ ಬಂದಿದ್ದ ಹೆಂಗಸೊಬ್ಬರು ಅವಳ ಕೆಮ್ಮು ಕೇಳಿ ತಟ್ಟನೆ ಕೈ ಎಳೆದುಕೊಂಡರು. "ಟೀಬಿ ಇರಂಗೈತೆ!"

"ಟೀಬಿ ಅಲ್ಲ ಕಣ್ರೀ, ನಿಮ್ಗೆ ಅಂಟಲ್ಲ. ಅಂಟಿದ್ರೆ ಅಗೋ, ಅಲ್ಲಿ ನಿಂತವ್ಳಲ್ಲ, ಅವ್ಳಿಗೆ. ಅವ್ಳೇ ಹೆದರ್ದೆ ನಿಂತವ್ಳೆ, ನಿಮ್ಗೇನ್ರೀ? ಕೊಡಿ ಕೈ."

ಆಕೆ ಕೊಡಲಿಲ್ಲ. ಅಕ್ಕ ಆ ಬಳೆಗಳನ್ನೆಲ್ಲ ತನ್ನ ಕೈಗೇ ಏರಿಸಿಕೊಂಡು, ನನ್ನತ್ತ ಝಲ್ಲೆನಿಸಿ ನಕ್ಕಳು. ಆ ನಗುವಿನ ಮೇಲೆ ನನಗೆ ಇವತ್ತಿಗೂ ಮೋಹ.

ಹೋದ ವರ್ಷ ಸೋಂಕು ಯಾವ ಔಷಧಿಗೂ ಬಗ್ಗಲಿಲ್ಲ, ಅಕ್ಕ ಹೋದಳು. ಹಣೆಗೆ ವಿಭೂತಿ ಹಚ್ಚಿ ಅಂಗಡಿ ಮುಂದೆಯೇ ಕೂರಿಸಿದ್ದರು. ನಾನು ಎಂದಿನಂತೆ ರಸ್ತೆಯಾಚೆ ನಿಂತೆ. ಅವಳ ಎದೆಯ ಹುಳ ಇವತ್ತಿಗೂ ನನ್ನೆದೆಗೆ ಬಂದಿಲ್ಲ, ಅವಳು ಬರಗೊಡಲಿಲ್ಲ. ಅಷ್ಟು ದೂರಕ್ಕೂ ಕೆಂಪು ಉಗುರುಗಳು ಕಂಡವು.

ಅಳು ಬಂತು, ಅದರ ಹಿಂದೆಯೇ ಕೆಮ್ಮು. ಜನ ತಿರುಗಿ ನೋಡಿದರು. ಪಕ್ಕದಲ್ಲಿದ್ದಾಕೆ ಮೂಗಿಗೆ ಸೆರಗು ಒತ್ತಿಕೊಂಡು ಸರಿದಳು. ನಾನು ನುಂಗಲಿಲ್ಲ. ಕಫವೆಲ್ಲ ಕರ್ಚೀಫಿಗೆ ಬರುವವರೆಗೂ ಹೊಟ್ಟೆಯಿಂದ ಎಳೆದೆಳೆದು ಕೆಮ್ಮಿದೆ. ಆಮೇಲೆ ಎಂದಿನಂತೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ:

"ಕೆಮ್ಮಿದೆ ಕಣಕ್ಕಾ!"