ಯಾದಿ ಬಿಟ್ಟು ಹೋಗದ ಕಮಲಾಬಾಯಿ

ಇವತ್ತು ಬೆಳಿಗ್ಗೆ ಪಕ್ಕದ ಫ್ಲ್ಯಾಟಿನವಳು ನನ್ನ ಡಬ್ಬಿಯನ್ನು ತೊಳೆದು, ಒರೆಸಿ, ಬರಿದಾಗಿ ವಾಪಸು ಕೊಟ್ಟಳು. ಒಳಗೆ ನಾಲ್ಕು ಕಾಳು ಸಕ್ಕರೆಯೂ ಇಲ್ಲ. ನಮ್ಮ ಧಾರವಾಡದ ಕಡೆಯವರು ಹಾಗೆ ಕೊಡುವುದಿಲ್ಲ. ಒಯ್ದ ಪಾತ್ರೆಯಲ್ಲಿ ಏನಾದರೂ ಸಿಹಿ ಹಾಕಿಯೇ ಮರಳಿಸಬೇಕು. ಈ ಪದ್ಧತಿಯಿಂದಾಗಿ ಒಮ್ಮೆ ಸತ್ತವಳೊಬ್ಬಳು ತಿಂಗಳುಗಟ್ಟಲೆ ನಮ್ಮ ಮಂಡಳದ ಸದಸ್ಯೆಯಾಗಿ ಉಳಿದಿದ್ದಳು, ಕೇಳಿ.

ಮರಾಠಿ ಮಂದಿಯ ನಡುವೆ, ಧನಕವಡಿಯಲ್ಲಿ ನಮ್ಮದೊಂದು ಕನ್ನಡ ಹೆಂಗಸರ ಮಂಡಳ. ಮುಂಜಿ, ಸೀಮಂತಕ್ಕೆ ಸದಸ್ಯರಿಗೆ ದೊಡ್ಡ ಪಾತ್ರೆಗಳನ್ನು ಕೊಡುತ್ತಿದ್ದೆವು. ಕೋಣೆಯ ಕೀಲಿ ನನ್ನ ಸೊಂಟದಲ್ಲಿ. ನಾನು ಕಲಿತದ್ದು ಮೂರನೇ ಇಯತ್ತೆ. ಯಾರಲ್ಲಿ ಏನಿದೆ ಎಂಬ ಯಾದಿಯೆಲ್ಲ ತಲೆಯಲ್ಲಿತ್ತು; ತಲೆ ಆಗಾಗ ಸುಳ್ಳು ಹೇಳುತ್ತಿತ್ತು. ಕಾರ್ಯದರ್ಶಿ ಸುಶೀಲಾ ಅದನ್ನೇ ಕಾಯುತ್ತಿದ್ದಳು.

"ವರ್ಷದ ಸಭಾಕ್ಕ ಯಾದಿ ಸರಿ ಇರ್ಲಿಲ್ಲಂದ್ರ ಕೀಲಿ ನನಗ ಕೊಟ್ಟಬಿಡ್ರಿ ಅಕ್ಕಾರ," ಅಂದಳು.

ಮೊಮ್ಮಗಳು ವಿದ್ಯಾ ಆಗ ಕಂಪ್ಯೂಟರ್ ಕಲಿಯುತ್ತಿದ್ದಳು. ಯಾದಿಯನ್ನು ಅದರಲ್ಲಿ ಹಾಕಿಕೊಡು ಎಂದು ಅವಳಿಗೇ ಹೇಳಿದೆ. "ಅಜ್ಜಿ, ಎರಡು ದಾರಿ ಅದಾವ. ಪ್ರೋಗ್ರಾಮಿನೊಳಗ ಅದರದ ಒಂದು ಸಣ್ಣ ಪೆಟ್ಟಿಗಿ ಇರ್ತದ, ಎಲ್ಲಾ ಒಂದ ಯಾದಿ ಮಾಡಿ ಅದರಾಗ ಒಗೀಬಹುದು. ಇಲ್ಲಾ, ಡೇಟಾಬೇಸ್ ಮಾಡಬೇಕು. ಅದರಾಗ ಮಂದಿ ಬ್ಯಾರೆ, ಪಾತ್ರಿ ಬ್ಯಾರೆ, ಯಾರ ಕಡೆ ಯಾವುದು ಅನ್ನೋದು ಬ್ಯಾರೆ. ಆದ್ರ ಒಂದಕ್ಕೊಂದು ಗಂಟು ಹಾಕಿರ್ತದ."

"ಅರವತ್ತು ಪಾತ್ರಿಗೆ ಗಂಟು ಯಾಕ? ಪೆಟ್ಟಿಗಿ ಸಾಕು."

"ಪೆಟ್ಟಿಗಿಗೆ ಕಾಲೇಜಿನಾಗ ಮಾರ್ಕ್ಸ್ ಸಿಗಂಗಿಲ್ಲಜ್ಜಿ."

ಹೀಗೆ ಗಂಟು ಗೆದ್ದಿತು.

ಸಭೆಗೆ ಎಂಟು ದಿನವಿರುವಾಗ ನೋಡಿದರೆ ಯಾದಿಯಲ್ಲಿ ಇನ್ನೂ ಕಮಲಾಬಾಯಿ. ಅವಳು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. "ತೆಗಿ ಆಕಿನ್ನ," ಅಂದೆ. ವಿದ್ಯಾ ಒತ್ತಿದಳು. ಮಷೀನು ಒಲ್ಲೆ ಅಂದಿತು.

"ಆಕಿ ಹೆಸರಿಗೆ ದೊಡ್ಡ ಬೋಗುಣಿ ಅದ ಅಜ್ಜಿ. ಅದು ಬರೋತನಕ ಬಿಡಂಗಿಲ್ಲ."

"ಯಮ ಬೋಗುಣಿ ಕೇಳಲಿಲ್ಲ, ಇದಕ್ಕೇನು?"

"ನೀ ಹೇಳಿದ ಪೆಟ್ಟಿಗ್ಯಾಗ ಹಾಕಿದ್ರ ಒಂದ ಏಟಿಗೆ ಹೋಗ್ತಿದ್ಲು. ಬೋಗುಣಿನೂ ಆಕಿ ಸಂಗಾಟ ಹೋಗ್ತಿತ್ತು."

ಅದು ನಿಜ. ಒಯ್ದ ದಿನ ಬರೆಸಿದ್ದ ಆ ಬೋಗುಣಿಯನ್ನು ನಾನು ಮರೆತೇಬಿಟ್ಟಿದ್ದೆ.

ಕಮಲಾಬಾಯಿಯ ಮನೆಗೆ ಹೋದೆ. ಬೋಗುಣಿ ಬಾಗಿಲ ಹಿಂದೆಯೇ ಇತ್ತು, ಚೆನ್ನಾಗಿ ಬೆಳಗಿಟ್ಟಿದ್ದರು. ಸೊಸೆ ಅಡ್ಡ ನಿಂತಳು. "ಹ್ಯಾಂಗ ಕೊಡ್ಲಿ ಅಜ್ಜಿ? ಬರಿ ಬೋಗುಣಿ ಕೊಡಬಾರ್ದು. ಬೆಲ್ಲ ಸಕ್ಕರಿ ಹಾಕಿ ಕೊಡಬೇಕಂದ್ರ, ವರ್ಷಾ ಆಗೋತನಕ ನಮ್ಮನಿ ಸಿಹಿ ಹೊರಗ ಹೋಗಂಗಿಲ್ಲ. ನಮ್ಮತ್ತಿ ಇದ್ದಿದ್ರ ಕೇಳ್ತಿದ್ದೆ."

ಬೋಗುಣಿ ಬರದೆ ಮಷೀನು ಕಮಲಾಬಾಯಿಯನ್ನು ಬಿಡದು. ವರ್ಷ ತುಂಬದೆ ಸೊಸೆ ಬೋಗುಣಿಯನ್ನು ಬಿಡಳು. ನಡುವೆ ನನ್ನ ಕೀಲಿ. ಮನೆಗೆ ಹೋಗಿ ನನ್ನದೇ ಬೆಲ್ಲದ ಪೆಂಟೆ ತಂದು ಅವಳೆದುರೇ ಒಳಗೆ ಹಾಕಿದೆ. "ಬೆಲ್ಲ ನಿಮ್ಮನಿದಲ್ಲ, ಬೋಗುಣಿ ಬರಿದಲ್ಲ. ಆತಿಲ್ಲೋ?" ಅಂದೆ. ಅವಳು ಬೋಗುಣಿಯೊಳಗೆ ಇಣುಕಿ, "ಹೌದ್ರಿ," ಎಂದು ದಾರಿ ಬಿಟ್ಟಳು. ನನ್ನ ಬೆಲ್ಲವನ್ನು ನಾನೇ ಹೊತ್ತುಕೊಂಡು ಬಂದೆ.

ವಿದ್ಯಾ ಒತ್ತಿದಳು. ಕಮಲಾಬಾಯಿ ಸದ್ದಿಲ್ಲದೆ ಹೋದಳು. ಕೆಳಗಿನ ಹೆಸರು ಮೇಲೇರಿ ಅವಳ ಜಾಗದಲ್ಲಿ ಕೂತಿತು. ಕೀಲಿ ನನ್ನಲ್ಲೇ ಉಳಿಯಿತು. ಆದರೆ ಇಷ್ಟು ವರ್ಷ ಜೊತೆಗೆ ಕೂತು ಹಪ್ಪಳ ಲಟ್ಟಿಸಿದವಳು ಒಂದು ಬೆರಳಿಗೆ ಹೋದದ್ದು ನನಗೆ ಸೇರಲಿಲ್ಲ.

ಈಗ ಕೀಲಿ ಸುಶೀಲಾಳ ಹತ್ತಿರವೇ ಇದೆ. ಸೋತದ್ದು ಯಾದಿಯಲ್ಲ, ನನ್ನ ಮೊಣಕಾಲು. ಯಾದಿ ಮಾತ್ರ ಇನ್ನೂ ಅದೇ ಗಂಟಿನದು; ಪಾತ್ರೆ ಬರದೆ ಹೆಸರು ಬಿಡದು. ಕೀಲಿ ಒಪ್ಪಿಸುವ ಮೊದಲು ಮಂಡಳದ ಸೌಟೊಂದನ್ನು ನನ್ನ ಹೆಸರಿಗೆ ಬರೆಸಿಕೊಂಡು ಅಟ್ಟದ ಮೇಲಿಟ್ಟಿದ್ದೇನೆ. ಮರಳಿಸುವ ವಿಚಾರವಿಲ್ಲ. ಸಭೆ ಹತ್ತಿರ ಬಂದಾಗಲೆಲ್ಲ ಸುಶೀಲಾ ಫೋನ್ ಮಾಡುತ್ತಾಳೆ.

"ಅಕ್ಕಾರ, ಸೌಟು?"

"ಹುಡುಕಾಕತ್ತೀನಿ," ಅನ್ನುತ್ತೇನೆ.