ಹಗ್ಗ ಹಿಡಿದವರ ಪಾಲು

ಸತ್ತ ಮೀನನ್ನು ವಾಪಸ್ ಕಡಲಿಗೆ ಎಸೆಯುವ ಕೆಲಸ ಮಾಡಿದ್ದೇನೆ. ಅದಕ್ಕೆ ಸಂಬಳವನ್ನೂ ತಗೊಂಡಿದ್ದೇನೆ. ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನಾನು ಕುಂದಾಪುರದ ಕಡೆಯವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ದೋಣಿ ಹತ್ತಿದೆ. ಆಮೇಲೆ ಎರಡೆರಡು ದೊಡ್ಡ ಬೋಟು ಕಟ್ಟಿ ಒಂದೇ ಬಲೆ ಎಳೆಯುವವರು ಬಂದರು, ರಾತ್ರಿ ಲೈಟ್ ಹಾಕಿ ಹಿಡಿಯುವವರು ಬಂದರು. ಮರಿ ಮೀನನ್ನೂ ಬಿಡದೆ ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಗೆ ಮಾರಿದರು. ನಮ್ಮ ದೋಣಿ ಮರಳಲ್ಲಿ ಕೂತಿತು. ಅಪ್ಪ ತೀರಿಕೊಂಡ ಮೇಲೆ ನ್ಯೂಜೆರ್ಸಿಯಲ್ಲಿದ್ದ ಅಕ್ಕ ಅಮ್ಮನನ್ನು ಕರೆಸಿಕೊಂಡಳು, ಅಮ್ಮ ನನ್ನನ್ನು ಕರೆಸಿಕೊಂಡಳು.

ಅಲ್ಲಿ ಮೆಟುಚೆನ್ ಅನ್ನುವ ಊರಲ್ಲಿ ಭಾವನ ಹೋಟೆಲು. ಅಲ್ಲಿ ಪಾತ್ರೆ ತೊಳೆದೆ, ಫ್ರೋಜನ್ ಅಂಜಲ್ ಮೀನು ಕೊಯ್ದೆ. ಕಲ್ಲಿನ ಹಾಗಿರುತ್ತದೆ ಅದು, ಗರಗಸದಲ್ಲೇ ಕೊಯ್ಯಬೇಕು. ಸಾಕಾಗಿ ಒಂದು ದಿನ ಕೊಲ್ಲಿಯ ಕಡೆ ಹೋದೆ. ಮ್ಯಾನ್‌ಹಟನ್‌ಗೆ ಹೋಗುವ ಫೆರ್ರಿ ನಿಲ್ಲುವ ಜಾಗದ ಪಕ್ಕದಲ್ಲೇ ನಾಲ್ಕಾರು ಸಣ್ಣ ಮೀನಿನ ಬೋಟುಗಳಿದ್ದವು. ಒಂದರಲ್ಲಿ ವಯಸ್ಸಾದ ಬಿಳಿಯನೊಬ್ಬ ಒಬ್ಬನೇ ಬಲೆ ರಿಪೇರಿ ಮಾಡುತ್ತಿದ್ದ. ನಾನು ಕೇಳದೆ ಕೂತು ಇನ್ನೊಂದು ಕಡೆಯಿಂದ ಹರಿದದ್ದನ್ನು ಹೆಣೆಯಲು ಶುರು ಮಾಡಿದೆ. ಸ್ವಲ್ಪ ಹೊತ್ತು ನನ್ನ ಕೈ ನೋಡಿದ. ನಾಳೆ ಬಾ ಅಂದ. ಅಷ್ಟೇ ಇಂಟರ್ವ್ಯೂ.

ಅವನನ್ನು ನಾನು ಕ್ಯಾಪ್ಟನ್ ಅನ್ನುವ ಬದಲು ಕ್ಯಾಪ್ ಅಂತ ಕರೆಯುತ್ತಿದ್ದೆ. ಬೋಟು ಮುದಿಯಾಗಿತ್ತು. ಬೆಲೆ ಇದ್ದದ್ದು ಲೈಸೆನ್ಸಿಗೆ. ಇಲ್ಲಿ ಹೊಸ ಲೈಸೆನ್ಸ್ ಕೊಡುವುದಿಲ್ಲ, ಇದ್ದವನಿಂದ ಕೊಳ್ಳಬೇಕು. ದೊಡ್ಡ ಕಂಪನಿಯವರು ಕೊಳ್ಳಲು ಕಾಯುತ್ತಿದ್ದರು. ಕ್ಯಾಪ್ ಹಿಂದೊಮ್ಮೆ ಮೀನು ಜಾಸ್ತಿ ತಂದು ಸಿಕ್ಕಿಬಿದ್ದಿದ್ದ. ಇನ್ನೊಂದು ಸಲ ಸಿಕ್ಕರೆ ಲೈಸೆನ್ಸೇ ಹೋಗುತ್ತದೆ ಅಂತ ಸರ್ಕಾರದವರು ಹೇಳಿ ಕಳಿಸಿದ್ದರು. ಅದು ಹೋದರೆ ಅವನ ಕತೆ ಮುಗಿಯಿತು, ನನ್ನದೂ. ಹಾಗಾಗಿ ಅವನು ರೂಲ್ಸಿಗೆ ಹೆದರುತ್ತಿದ್ದಷ್ಟು ಗಾಳಿಗೂ ಹೆದರುತ್ತಿರಲಿಲ್ಲ.

ಸಂಜೆ ನಾವು ದಡಕ್ಕೆ ಬರುವ ಹೊತ್ತಿಗೆ ಫೆರ್ರಿಯೂ ಬರುತ್ತಿತ್ತು. ಆಫೀಸಿಂದ ಬರುವ ಅಳಿಯನನ್ನು ಕರೆದುಕೊಂಡು ಹೋಗಲು ಮಗಳ ಜೊತೆ ಒಬ್ಬ ಮುದುಕ ಕಾರಲ್ಲಿ ಬರುತ್ತಿದ್ದರು. ಮಗಳು ಕಾರಲ್ಲೇ ಕೂತು ಫೋನ್ ನೋಡುತ್ತಿದ್ದಳು. ಮುದುಕ ನಮ್ಮ ಬೋಟಿನ ಹತ್ತಿರ ನಿಲ್ಲುತ್ತಿದ್ದರು. ಒಂದು ದಿನ ನಾನು ಹಗ್ಗ ಎಸೆದಾಗ ಅವರು ಹಿಡಿದು, ಎಳೆದು, ಗೂಟಕ್ಕೆ ಸುತ್ತಿ ಗಂಟು ಹಾಕಿದರು. ಆ ಗಂಟು ನೋಡಿಯೇ ನಮ್ಮ ಕಡೆಯವರು ಅಂತ ಗೊತ್ತಾಯಿತು. ಕಟ್ಟಿದ ಮೇಲೆ ಹೋಗಲಿಲ್ಲ. ಕಿಸೆಯಿಂದ ಪ್ಲಾಸ್ಟಿಕ್ ಚೀಲ ತೆಗೆದು ಬಿಡಿಸಿ ಹಿಡಿದರು.

“ಹಗ್ಗ ಹಿಡ್ದವ್ರಿಗೆ ಪಾಲ್ ಇಲ್ಯಾ ಮಗಾ?”

ನನಗೆ ನಗು ಬಂತು. ನಮ್ಮಲ್ಲಿ ಕೈರಂಪಣಿ ಬಲೆಯನ್ನು ದಡದಿಂದಲೇ ಎಳೆಯುತ್ತಾರೆ. ದಾರಿಯಲ್ಲಿ ಹೋಗುವವನು ಹಗ್ಗಕ್ಕೆ ಕೈ ಹಾಕಿದರೂ ಅವನಿಗೆ ಮೀನು ಕೊಡಬೇಕು. ನನಗೆ ಗೊತ್ತಿದ್ದ ಇಂಗ್ಲಿಷಲ್ಲಿ ಕ್ಯಾಪ್‌ಗೆ ಹೇಳಿದೆ. ಅವನು ಮುಖ ಸಿಂಡರಿಸಿದ, ಆಮೇಲೆ ಒಂದು ಸಣ್ಣ ಮೀನು ಎತ್ತಿ ತಾನೇ ಚೀಲಕ್ಕೆ ಹಾಕಿದ. ಅಲ್ಲಿಂದ ಅದು ಪದ್ಧತಿಯೇ ಆಯಿತು. ಮುದುಕ ಬಂದಿಲ್ಲದಿದ್ದರೆ, ನಿನ್ನ ಪಾಲುದಾರ ಎಲ್ಲಿ ಅಂತ ಕ್ಯಾಪ್ ಕೇಳುತ್ತಿದ್ದ.

ಆ ಮುದುಕರನ್ನು ನಾನು ಅಜ್ಜಯ್ಯ ಅನ್ನುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ಬೇರೆ ಮೀನು. ಇಲ್ಲಿ ಕಪ್ಪು ಸೀ ಬಾಸ್ ಸಿಗುತ್ತದೆ, ಥೇಟ್ ನಮ್ಮ ಮುರು ಮೀನಿನ ದಾಯಾದಿ. ನೀರು ಬೆಚ್ಚಗಾಗಿ ತೆಂಕಿನ ಮೀನೆಲ್ಲ ಮೇಲೆ ಬಂದಿದೆ ಅನ್ನುತ್ತಾರೆ. ಎಲ್ಲಿ ಬಲೆ ಬಿಟ್ಟರೂ ಅದೇ. ಆದರೆ ಎಷ್ಟು ಹಿಡಿಯಬಹುದು ಅನ್ನುವುದು ಹಳೇ ಲೆಕ್ಕದಲ್ಲೇ ಇದೆ. ಕೋಟಾ ಮುಗಿದರೆ ಒಂದೂ ತರುವ ಹಾಗಿಲ್ಲ. ಮೀನಿಗೆ ಇದು ಗೊತ್ತಿಲ್ಲವಲ್ಲ, ಬಂದು ಬಲೆಗೆ ಬೀಳುತ್ತದೆ. ಆಳದಿಂದ ಎಳೆದಾಗ ಒಳಗಿನ ಗಾಳಿ ಉಬ್ಬಿ ಹೊಟ್ಟೆ ಬಾಯಲ್ಲಿ ಬರುತ್ತದೆ, ಕಣ್ಣು ಹೊರಗೆ ಬರುತ್ತದೆ. ಅದನ್ನು ವಾಪಸ್ ಬಿಟ್ಟರೆ ಬದುಕುವುದಿಲ್ಲ, ತೇಲುತ್ತದೆ. ರೂಲ್ಸ್ ಪ್ರಕಾರ ಬಿಡಬೇಕು. ಬಿಟ್ಟೆವು. ಸಲಿಕೆಯಲ್ಲಿ ಬಾಚಿ ಬಾಚಿ ಬಿಟ್ಟೆವು.

ಭಾವ ಹೋಟೆಲಲ್ಲಿ ಎಲ್ಲರ ಎದುರು ಕೇಳುತ್ತಿದ್ದ: “ಎಂತ ಮಾರಾಯ, ದಿನಾ ಕಡಲಿಗೆ ಹೋಗ್ತೆ, ಮನೆಗೊಂದ್ ಮೀನಿಲ್ಲ. ಅಲ್ಲಿ ಮೀನಿಗೆ ಸ್ನಾನ ಮಾಡ್ಸುದಾ ನೀನ್?”

ಒಂದು ದಿನ ಬಲೆ ಎತ್ತಿದರೆ ಪೂರ್ತಿ ಸೀ ಬಾಸ್. ಕೋಟಾ ಮುಗಿದಿತ್ತು. ಮಧ್ಯಾಹ್ನದ ತನಕ ಅದನ್ನೇ ಎಸೆದೆವು. ಬೋಟಿನ ಹಿಂದೆ ನೀರು ಬೆಳ್ಳಗೆ ಹೊಟ್ಟೆ ಹೊಟ್ಟೆಯಾಗಿ ಕಾಣುತ್ತಿತ್ತು, ಮೇಲೆ ಕಡಲ ಹಕ್ಕಿಗಳ ಗಲಾಟೆ. ಕೊನೆಯದನ್ನು ಕ್ಯಾಪ್ ಎಸೆಯದೆ ಕೈಯಲ್ಲೇ ಹಿಡಿದುಕೊಂಡ. ಆಮೇಲೆ ಐಸಿನ ಬಕೆಟಿಗೆ ಹಾಕಿದ. ಬೇಡ ಅಂದೆ. ಮುದುಕನಿಗೆ ಅಂದ.

ದಡಕ್ಕೆ ಬಂದೆವು. ಅಜ್ಜಯ್ಯ ಹಗ್ಗ ಹಿಡಿದರು, ಕಟ್ಟಿದರು, ಚೀಲ ಬಿಡಿಸಿದರು. ಕ್ಯಾಪ್ ಮೀನು ಹಾಕಿದ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಚೀಲದೊಳಗೆ ಬೆರಳು ಹಾಕಿ ಕಿವಿರು ಎತ್ತಿ ನೋಡಿದರು, ಕೆಂಪಗಿತ್ತು. ಅಷ್ಟರಲ್ಲಿ ಫೆರ್ರಿಯಿಂದ ಇಳಿದವರ ಮಧ್ಯದಿಂದ ಸರ್ಕಾರದ ಮೀನು ಇನ್ಸ್‌ಪೆಕ್ಟರ್ ಬಂದ. ಚೀಲದಲ್ಲಿ ಏನಿದೆ ಅಂತ ಕೇಳಿದ.

ಅಜ್ಜಯ್ಯನಿಗೆ ಇಂಗ್ಲಿಷ್ ಬರುವುದಿಲ್ಲ. ನಗುತ್ತಾ ತೆಗೆದು ತೋರಿಸಿದರು. ಅವನು ಮೀನನ್ನು ತಗೊಂಡ, ಉದ್ದ ಅಳೆದ, ಫೋಟೋ ತೆಗೆದ. ಕ್ಯಾಪ್‌ನ ಲೈಸೆನ್ಸ್ ಕೇಳಿದ. ಹೊರಗೆ ಕಡಲಲ್ಲಿ ಸಾಯಿಸಿ ಎಸೆದದ್ದನ್ನು ಯಾರೂ ಕೇಳಲಿಲ್ಲ. ಅದು ಕಾನೂನು. ಚೀಲದಲ್ಲಿದ್ದ ಒಂದು ಮೀನು ಅಪರಾಧ. ನಾನು ಬಾಯಿ ಬಿಡುವಷ್ಟರಲ್ಲಿ ಕ್ಯಾಪ್ ನನ್ನ ಎದೆಗೆ ಕೈ ಅಡ್ಡ ಇಟ್ಟು ತಡೆದ. ನಾನೇ ಕೊಟ್ಟದ್ದು, ಇವರಿಬ್ಬರದ್ದೂ ಏನೂ ಇಲ್ಲ ಅಂದ.

“ಎಂತ ಆಯ್ತ್ ಮಗಾ? ಹಗ್ಗ ಹಿಡ್ದದ್ದ್ ತಪ್ಪಾ?”

“ನಿಮ್ದ್ ತಪ್ಪಲ್ಲ ಅಜ್ಜಯ್ಯ. ಕಾರಿಗೆ ಹೋಯ್ನಿ.”

ಮಗಳು ಓಡಿ ಬಂದಳು. “ಅಪ್ಪಯ್ಯ, ಎಷ್ಟ್ ಸಲ ಹೇಳಿದ್ದೀನಿ, ಸ್ಟೋರಲ್ಲಿ ಎಲ್ಲಾ ಸಿಗುತ್ತೆ ಅಂತ. ಎಂಬರಾಸ್ ಮಾಡ್ಬೇಡಿ ಪ್ಲೀಸ್,” ಅಂತ ಅವರ ತೋಳು ಹಿಡಿದು ಕರೆದುಕೊಂಡು ಹೋದಳು.

ಒಂದೇ ಮೀನು ಅಂತ ಲೈಸೆನ್ಸನ್ನು ಕಿತ್ತುಕೊಳ್ಳಲಿಲ್ಲ. ಸೀಸನ್ ಪೂರ್ತಿ ಅಮಾನತು ಮಾಡಿದರು. ಸೀಸನ್ ಪೂರ್ತಿ ಬೋಟು ಕಟ್ಟಿಹಾಕಿ ತಿನ್ನುವುದೇನನ್ನು? ಕ್ಯಾಪ್ ಚಳಿಗಾಲಕ್ಕೆ ಮೊದಲೇ ಬೋಟು, ಲೈಸೆನ್ಸ್ ಎರಡನ್ನೂ ಕಂಪನಿಗೆ ಮಾರಿದ. ಅವರಿಗೆ ಬೇಕಾಗಿದ್ದದ್ದು ಲೈಸೆನ್ಸ್. ಬೋಟನ್ನು ಒಡೆಯಲು ಎಳೆದುಕೊಂಡು ಹೋಗುತ್ತಾರೆ ಅಂದರು. ಊರಲ್ಲಿ ರೂಲ್ಸಿಲ್ಲದೆ ಮೀನು ಮುಗಿಯಿತು. ಇಲ್ಲಿ ಮೀನು ದಂಡಿಯಾಗಿದೆ, ಹಿಡಿಯುವವನೇ ಮುಗಿದ. ಯಾವುದು ಸರಿ ಅಂತ ಓದಿದವರು ಹೇಳಲಿ.

ನಮ್ಮ ಬೋಟನ್ನು ಎಳೆದುಕೊಂಡು ಹೋಗಲು ಇನ್ನೊಂದು ಬೋಟು ಬಂದ ಸಂಜೆ ನಾನೂ ಹೋಗಿದ್ದೆ. ಕ್ಯಾಪ್ ಬಂದಿರಲಿಲ್ಲ. ಅಜ್ಜಯ್ಯ ಬಂದಿದ್ದರು. ದಪ್ಪ ಜಾಕೆಟ್ ಹಾಕಿಕೊಂಡು ಗೂಟದ ಹತ್ತಿರ ನಿಂತಿದ್ದರು. ಹಗ್ಗ ಬಿಚ್ಚಬೇಕು ಅಂದಾಗ ಅವರೇ ಬಗ್ಗಿ ಬಿಚ್ಚಿ, ಸುರುಳಿ ಸುತ್ತಿ ಬೋಟಿಗೆ ಎಸೆದರು. ಬೋಟು ಹೋಯಿತು. ನಾನು ಏನಾದರೂ ಹೇಳಬೇಕು ಅಂತ, ಇವತ್ತು ಚೀಲ ತರಲಿಲ್ವಾ ಅಂತ ಕೇಳಿದೆ.

“ಕಟ್ಟಿದವ್ನಿಗೆ ಪಾಲ್. ಬಿಚ್ಚಿದವ್ನಿಗೆ ಎಂತದ್ ಮಾರಾಯ,” ಅಂದರು.

ಮಗಳು ಹಾರ್ನ್ ಹೊಡೆದಳು. ನಾಳೆಯಿಂದ ಭಾವನ ಹೋಟೆಲಲ್ಲಿ ಅಂಜಲ್ ಕೊಯ್ಯುವುದು ಅಂತ ನಾನು ಬಸ್ ಸ್ಟಾಪಿನ ಕಡೆ ನಡೆದೆ.